ಹಿಂದಿನ ನಲ್ಲಿಯ ಬೋಗುಣಿ

ನೆಗ್ಗಿಹೋದ ಒಂದು ಅಲ್ಯೂಮಿನಿಯಂ ಬೋಗುಣಿಗೆ ಮೊನ್ನೆ ಆರುನೂರು ರೂಪಾಯಿ ಕೊಟ್ಟೆ. ತೂಕಕ್ಕೆ ಹಾಕಿದ್ದರೆ ನೂರು ರೂಪಾಯಿಯೂ ಬಾಳದ ಮಾಲು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು. ಗುಜರಿ ಅಂಗಡಿಯವನು ಬಾಯಿಗೆ ಬಂದ ಬೆಲೆ ಹೇಳಿದ, ಮರುಮಾತಿಲ್ಲದೆ ಕೊಟ್ಟುಬಿಟ್ಟೆ. ಅವನಿಗೇ ಅನುಮಾನ ಬಂತು.

"ಏನ್ ಸಾವ್ಕಾರ್ರೆ, ಒಳಗೆ ಚಿನ್ನ ಗಿನ್ನ ಐತಾ?" ಎಂದು ಇನ್ನೊಮ್ಮೆ ತಿರುಗಿಸಿ ನೋಡಿದ.

ಅಂಚಿನಲ್ಲಿ ಮೊಳೆಯಿಂದ ಕೊರೆದ ಸಣ್ಣ ಶಿಲುಬೆಯೊಂದು ಇತ್ತು, ಅಷ್ಟೆ. ಚರ್ಚು ರಿಪೇರಿ ಮಾಡಿಸಿದಾಗ ಹಳೇ ಸಾಮಾನಿನ ಜೊತೆ ಈ ಬೋಗುಣಿಯನ್ನೂ ಹೊರಗೆ ಹಾಕಿದ್ದರು. ಮನೆಗೆ ತಂದು ಮೂಗಿನ ಹತ್ತಿರ ಹಿಡಿದೆ. ಸೀಮೆಎಣ್ಣೆ, ಸೀಗೆಕಾಯಿ... ಇಷ್ಟು ವರ್ಷದ ಮೇಲೆ ಆ ವಾಸನೆ ಪಾತ್ರೆಯಲ್ಲಿ ಉಳಿದಿರಲಾರದು. ನನ್ನ ತಲೆಯಲ್ಲಿ ಉಳಿದಿದೆ.

ಅದು ನಮ್ಮ ಚರ್ಚಿನ ಗಂಟೆ ತಾತನ ಬೋಗುಣಿ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಮೇಣದಬತ್ತಿ ಹಚ್ಚುವುದು, ಸತ್ತವರಿಗೆ ಗುಂಡಿ ತೋಡಿಸುವುದು, ಎಲ್ಲ ಅವನದೇ. ಶುಭ ಶುಕ್ರವಾರದ ಹಿಂದಿನ ದಿನ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ, ಫಾದರ್ ಊರಿನ ಹನ್ನೆರಡು ಜನರನ್ನು ಮುಂದೆ ಕೂರಿಸಿ ಅವರ ಕಾಲು ತೊಳೆಯುತ್ತಾರೆ. ನಮ್ಮವರ ಕಾಲು ಗೊತ್ತಲ್ಲ, ಟೊಮ್ಯಾಟೊ ಹೊಲದ ಕೆಸರು, ಒಡೆದ ಹಿಮ್ಮಡಿ, ಅದರೊಳಗೆ ಕರ್ರಗೆ ಕೂತ ಮಾವಿನಕಾಯಿ ಸೊನೆ. ಒಂದು ವರ್ಷ ಫಾದರ್ ಮೊದಲನೆಯವನ ಕಾಲು ತೊಳೆಯುವಷ್ಟರಲ್ಲಿ ಹಿತ್ತಾಳೆ ಪಾತ್ರೆಯ ನೀರು ಚರಂಡಿ ಬಣ್ಣಕ್ಕೆ ತಿರುಗಿ, ಬಿಳಿ ಟವೆಲ್ ಹಾಳಾಗಿ, ಜನ ಕಿಸಕ್ಕೆಂದರಂತೆ. ಮುಂದಿನ ವರ್ಷದಿಂದ ಯಾರೂ ಹೇಳದೆಯೇ ತಾತ ಒಂದು ಏರ್ಪಾಡು ಮಾಡಿಕೊಂಡ. ಪೂಜೆಗೆ ಮೊದಲು ಹನ್ನೆರಡು ಜನರನ್ನೂ ಹಿಂದಿನ ನಲ್ಲಿಯ ಹತ್ತಿರ ಕರೆದು, ಈ ಬೋಗುಣಿ ಇಟ್ಟುಕೊಂಡು, ಸೀಮೆಎಣ್ಣೆಯಿಂದ ಸೊನೆ ಬಿಡಿಸಿ, ಸೀಗೆಕಾಯಿ ಹಾಕಿ ಉಜ್ಜಿ ಉಜ್ಜಿ ತೊಳೆದು ಕಳಿಸುತ್ತಿದ್ದ. ಆಮೇಲೆ ಮುಂದೆ ಫಾದರ್ ಆ ಚೊಕ್ಕಟ ಕಾಲಿನ ಮೇಲೆ ನಾಲ್ಕು ಹನಿ ನೀರು ಬಿಡುವರು. ಫೋಟೋ ತೆಗೆಯುತ್ತಿದ್ದುದು ಅದರದು.

ಒಂದು ವರ್ಷ ಫಾದರಿಗೆ ಏನನ್ನಿಸಿತೋ, ಆ ಗುರುವಾರಕ್ಕೆ ಮೊದಲಿನ ಭಾನುವಾರ ಹನ್ನೆರಡನೆಯ ಕುರ್ಚಿಗೆ ಗಂಟೆ ತಾತನ ಹೆಸರು ಓದಿದರು. ಜನ ತಿರುಗಿ ನೋಡಿದರು. ತಾತ ಗಂಟೆಯ ಹಗ್ಗ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದ.

ಆಗಷ್ಟೇ ನನ್ನ ಮಂಡಿ ವ್ಯಾಪಾರ ಕೈ ಹಿಡಿದಿತ್ತು. ಲಾರಿಗೆ ಕ್ರೇಟು ಹೊತ್ತವನು ಎಂದು ನನ್ನನ್ನು ಕಂಡಿದ್ದ ಜನರ ಎದುರಿಗೆ ಫಾದರ್ ನನ್ನ ಕಾಲು ತೊಳೆಯಬೇಕು ಎನ್ನುವ ಚಪಲ ನನಗೆ. ಬುಧವಾರ ಹೋಗಿ, ಈಸ್ಟರ್ ಹಬ್ಬಕ್ಕೆ ಹೊಸ ಮೈಕ್ ಸೆಟ್ ಕೊಡಿಸುತ್ತೇನೆ ಎಂದೆ. ಫಾದರಿಗೆ ಖುಷಿಯಾಯಿತು. ಆಮೇಲೆ ಕುರ್ಚಿಯ ಮಾತು ತೆಗೆದೆ.

"ಹನ್ನೆರಡೂ ಆಗೋಯ್ತಲ್ಲಪ್ಪ," ಅಂದರು.

"ತಾತ ಮುಂದೆ ಕೂತ್ಕೊಂಡ್ರೆ ಹಿಂದೆ ತೊಳೆಯೋರು ಯಾರು ಫಾದರ್?"

"ಅವನಿಗೆ ನೀನೇ ಹೇಳು," ಎಂದು ಎದ್ದು ಒಳಗೆ ಹೋದರು. ವ್ಯಾಪಾರದಲ್ಲಿ ಎದುರಿನವನು ಹೀಗೆ ಎದ್ದು ಹೋದರೆ ಮಾಲು ನಮ್ಮದೇ ಎಂದು ಲೆಕ್ಕ.

ತಾತನಿಗೆ ಹೇಳಿದೆ. ಹೇಳಿದ್ದು ಸಾಲದು ಅಂತ ಉಪದೇಶವನ್ನೂ ಮಾಡಿದೆ. "ಸೇವೆ ಮಾಡೋನೇ ದೊಡ್ಡೋನು ಅಂತ ಯೇಸುಸ್ವಾಮಿ ಹೇಳಿಲ್ವಾ ತಾತ? ನಿನ್ ಜಾಗ ನಮ್ಮೆಲ್ಲರಿಗಿಂತ ಮೇಲೆ ಕಣಪ್ಪ."

ತಾತ ನಕ್ಕ. ಎಲ್ಲರನ್ನೂ ತೆಲುಗಿನವರ ಅಕ್ಕರೆಯಲ್ಲಿ ನಾಯ್ನಾ ಎಂದು ಕರೆಯುವವನು. "ಹಂಗಾದ್ರೆ ಆ ಮೇಲಿನ ಜಾಗ ನೀನೇ ಇಟ್ಕೋ ನಾಯ್ನಾ. ನೀನು ತೊಳಿ, ನಾನು ಕೂತ್ಕೊತೀನಿ."

ನಾನೂ ನಕ್ಕೆ. ತಮಾಷೆ ಎಂದುಕೊಂಡೆ. ತಮಾಷೆ ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಗುರುವಾರ ಸಂಜೆ ಹಿಂದಿನ ನಲ್ಲಿಯ ಹತ್ತಿರ ಹನ್ನೊಂದು ಜನರದು ಮುಗಿದು ನನ್ನ ಸರದಿ ಬಂತು. ತಾತ ನನ್ನ ಪಾದ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಸೊನೆ ಒಂಚೂರೂ ಇಲ್ವಲ್ಲೋ. ತೋಟಕ್ಕೆ ಇಳಿಯೋದು ಬಿಟ್ಟುಬಿಟ್ಟಾ?" ಎಂದ. ತೊಳೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆದರೂ ತೊಳೆದ, ಬೆರಳು ಸಂದಿ ಬಿಡದೆ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಕೆಳಗೆ ನೋಡಿದೆ. ಅವನ ಕಾಲು ಕಂಡಿತು. ಉಗುರು ಕತ್ತರಿಸಿಕೊಂಡಿದ್ದ. ಹಿಮ್ಮಡಿಯ ಬಿರುಕುಗಳನ್ನು ಕಲ್ಲಿನಿಂದ ತಿಕ್ಕಿ ನಯ ಮಾಡಿಕೊಂಡಿದ್ದ. ಎಣ್ಣೆ ಹಚ್ಚಿಕೊಂಡಿದ್ದ. ಬುಧವಾರಕ್ಕೆ ಮೊದಲೇ ಮಾಡಿಕೊಂಡ ತಯಾರಿ... ಆ ಕಾಲು ಈಗ ನಾವು ಹನ್ನೆರಡು ಜನರ ಕೊಳೆನೀರಿನಲ್ಲಿ ಊರಿಕೊಂಡಿತ್ತು.

ಆಗಲಾದರೂ ನಾನು ಏಳಬಹುದಿತ್ತು. ಏಳಲಿಲ್ಲ. ಮುಂದೆ ಹೋಗಿ ಕೂತೆ. ಫಾದರ್ ನಾಲ್ಕು ಹನಿ ನೀರು ಬಿಟ್ಟರು, ನನ್ನ ಮುಖ ನೋಡಲಿಲ್ಲ. ಫೋಟೋ ಚೆನ್ನಾಗಿ ಬಂತು. ಮಂಡಿಯ ಗೋಡೆಯಲ್ಲಿ ಬಹಳ ದಿನ ತೂಗುಹಾಕಿದ್ದೆ.

ಮುಂದಿನ ವರ್ಷ ಹೇಗಾದರೂ ಕೂರಿಸೋಣ ಎಂದುಕೊಂಡಿದ್ದೆ. ಅದೇ ಮಳೆಗಾಲದಲ್ಲಿ ತಾತ ತೀರಿಕೊಂಡ. ಹೆಣಕ್ಕೆ ಸ್ನಾನ ಮಾಡಿಸುವಾಗ ಕಾಲಿಗಾದರೂ ಒಂದು ಚೊಂಬು ನೀರು ಹಾಕಬಹುದಿತ್ತು. ನಾನು ಮುಂದೆ ಮೈಕ್ ಸರಿಮಾಡಿಸುತ್ತಿದ್ದೆ. ನಾನೇ ಕೊಡಿಸಿದ ಮೈಕ್ ಅವತ್ತು ಕೈಕೊಟ್ಟಿತ್ತು.

ಈಗ ಬೋಗುಣಿ ಮಂಡಿಯಲ್ಲಿ ನಾನು ಕೂರುವ ಗಾದಿಯ ಪಕ್ಕದಲ್ಲಿದೆ. ಅದಕ್ಕೆ ಕೊಟ್ಟ ಆರುನೂರರಿಂದ ಏನೂ ತೀರಲಿಲ್ಲ, ತೀರುವುದೂ ಇಲ್ಲ.

ನಿಮಗೊಂದು ಮಾತು ಹೇಳುತ್ತೇನೆ. ಮುಂದಿನ ಕುರ್ಚಿ ಸಿಕ್ಕಿದರೆ ಕೂರುವ ಮೊದಲು ಅದು ಯಾರದಾಗಿತ್ತು ಎಂದು ಕೇಳಿ. ದೀನತೆಯ ಉಪದೇಶವನ್ನು ಆಗಲೇ ನೆಲದ ಮೇಲೆ ಕೂತವನಿಗೆ ಮಾಡಬೇಡಿ. ನಿಮ್ಮ ಚರ್ಚಿನಲ್ಲೂ ಗಂಟೆ ಹೊಡೆಯುವವನು ಒಬ್ಬ ಇರುತ್ತಾನೆ. ಆ ಗುರುವಾರ ಒಂದು ಗಂಟೆ ಮುಂಚೆ ಹೋಗಿ, ಹಿಂದಿನ ನಲ್ಲಿಯ ಹತ್ತಿರ ಅವನನ್ನು ಕೂರಿಸಿ. ಫೋಟೋದವನನ್ನು ಕರೆದೊಯ್ಯಬೇಡಿ. ಸೊನೆ ಇದ್ದರೆ ಮೊದಲು ಎಣ್ಣೆ ಹಚ್ಚಿ, ಈಗ ಸೀಮೆಎಣ್ಣೆ ಸಿಗುವುದಿಲ್ಲ, ಕೊಬ್ಬರಿ ಎಣ್ಣೆಯಾದರೂ ನಡೆಯುತ್ತದೆ. ಆಮೇಲೆ ಸೀಗೆಕಾಯಿ. ನೀರು ಕೊನೆಗೆ. ಬೋಗುಣಿ ಬೇಕಾದರೆ ನನ್ನ ಹತ್ತಿರ ಇದೆ, ಬಂದು ತೆಗೆದುಕೊಂಡು ಹೋಗಿ.