ಕಿಟಕಿಯಿಂದ ಕೆಲಸಕ್ಕೆ ಹೋಗುವ ಲೆಂಪಿ

ಬೆಳಗಿನ ಆರು ಗಂಟೆ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ, ದಡದಿಂದ ಒಂಬತ್ತು ಮೈಲಿ ದೂರದ ಕೆಟಲ್ ರೀಫ್ ದೀಪಸ್ತಂಭದ ಕಿಟಕಿಯಲ್ಲಿ ಲೆಂಪಿ ಹರ್ಯು ಅರ್ಧ ಒಳಗೆ, ಅರ್ಧ ಹೊರಗೆ. ಹೊರಗುಳಿದ ಅರ್ಧ ಕಾಲಾಡಿಸುತ್ತಿದೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು, ಕೆಳಗೆ ಏಣಿ ಹಿಡಿದ ನಾನು ನಗು ನುಂಗಿಕೊಳ್ಳುತ್ತಿದ್ದೇನೆ.

ಬಾಗಿಲಿಲ್ಲವೆಂದಲ್ಲ. ಹೊಸ್ತಿಲ ಮೇಲೆ ಗಲ್ ಹಕ್ಕಿಯೊಂದು ಮೂರು ಮೊಟ್ಟೆಯಿಟ್ಟು ಕಾವಿಗೆ ಕೂತಿದೆ. ಎಬ್ಬಿಸಿದರೆ ಕಾನೂನು ಬಿಡುವುದಿಲ್ಲ. ಹಕ್ಕಿಗಳನ್ನು ಹೆದರಿಸಲು ಲೆಂಪಿ ನಿಲ್ಲಿಸಿದ ಪ್ಲಾಸ್ಟಿಕ್ ಗೂಬೆಗೇ ಅದು ಬೆನ್ನು ಆನಿಸಿಕೊಂಡಿದೆ.

"ಗೂಬೆ ತಂದಿದ್ದು ನಾನೇ. ಗಾಳಿಗೆ ಮರೆಯಾಯ್ತು ಅದಕ್ಕೆ," ಅನ್ನುತ್ತಾರೆ.

ಶಾಲೆಯ ಅಡುಗೆಮನೆಯಿಂದ ನಿವೃತ್ತರಾದ ಲೆಂಪಿಗೆ ಅರವತ್ಮೂರು. ಈಗ ದೀಪ ತಾನೇ ಹೊತ್ತಿ ತಾನೇ ಆರುತ್ತದೆ; ಹಕ್ಕಿಗಳ ಹಿಕ್ಕೆ ತಾನೇ ಹೋಗುವುದಿಲ್ಲ. ಹಿಮ ಕರಗಿದಂದಿನಿಂದ ನಲವತ್ತಾರು ಬಕೆಟ್ ಕೆರೆದಿದ್ದಾರೆ, ಸಂಬಳವಿಲ್ಲದೆ. ಹೋದ ವರ್ಷ ಬಿರುಗಾಳಿಗೆ ಸಿಕ್ಕಿ ಮೂರು ದಿನ ಇಲ್ಲೇ ಉಳಿದು ಪ್ಯಾಸ್ಟಿ ಎಂಬ ಮಾಂಸದ ಕಡುಬನ್ನು ತಣ್ಣಗೇ ತಿಂದರು. ಊರಿನವರು ಹಿಕ್ಕೆ ರಾಣಿ ಎಂದು ಛೇಡಿಸುತ್ತಾರೆ.

"ರಾಣಿ ಅಂತಾರಲ್ಲ, ಸಾಕು."

ಇವತ್ತು ಮಾತ್ರ ಅವರ ಮುಖದಲ್ಲಿ ನಗುವಿಲ್ಲ. ಇಂದು ಅಪ್ಪ ಒನ್ನಿಗೆ ತೊಂಬತ್ತು ತುಂಬಿತು. ಈ ದೀಪವನ್ನು ಕಾದ ಕೊನೆಯ ತಂಡದವರು ಅವರು. ಇನ್ನೊಮ್ಮೆ ಆ ಬಾಗಿಲಿನಿಂದ ಒಳಹೋಗಬೇಕೆಂಬುದೊಂದೇ ಹಟ. ವೈದ್ಯರು ಒಪ್ಪಿರುವುದು ಈ ಒಂದೇ ಪ್ರಯಾಣಕ್ಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿ ಹೊಸ್ತಿಲಲ್ಲಿ ಕೂತು ಕೊಕ್ಕು ಮಸೆಯುತ್ತಿದ್ದಾನೆ. ತೊಂಬತ್ತರ ಕಾಲು ಏಣಿ ಹತ್ತುವುದಿಲ್ಲ.

ಹತ್ತು ಗಂಟೆಗೆ ದೋಣಿ ಬರುತ್ತದೆ. ಹಳೆಯ ಸಮವಸ್ತ್ರದ ಟೋಪಿ ಧರಿಸಿದ ಒನ್ನಿಯನ್ನು ಇಬ್ಬರು ಕೈಹಿಡಿದು ದೀಪಸ್ತಂಭದ ಸುತ್ತಲಿನ ಕಟ್ಟೆಗೆ ಹತ್ತಿಸುತ್ತಾರೆ. ಲೆಂಪಿ ಸುತ್ತಲೂ ನೋಡಿ ದನಿ ತಗ್ಗಿಸುತ್ತಾರೆ.

"ಅಪ್ಪ, ಒಂದೇ ನಿಮಿಷ ಎಬ್ಬಿಸಿಬಿಡ್ತೀನಿ. ಇಲ್ಲಿ ಯಾರು ನೋಡ್ತಾರೆ?"

ನನ್ನತ್ತ ತಿರುಗಿ, ಇದನ್ನು ಬರೆಯಬೇಡಿ ಎಂದು ಕಣ್ಣಲ್ಲೇ ಹೇಳುತ್ತಾರೆ. ಮುದುಕ ಹಕ್ಕಿಯನ್ನು ದಿಟ್ಟಿಸುತ್ತಾರೆ. ಅದೂ ಅವರನ್ನು ದಿಟ್ಟಿಸುತ್ತದೆ.

"ಬೇಡ ಮಗಳೇ. ಪಾಳಿಯಲ್ಲಿರೋರನ್ನ ಎಬ್ಬಿಸಬಾರದು."

ಟೋಪಿ ತೆಗೆದು, ಬಾಗಿಲಿಗೆ ಎದುರಾಗಿ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಹೊರಡುವ ಮುನ್ನ ಗೋಡೆಯ ಮೇಲೆ ಬೆರಳೆಳೆದು, ಆ ಬೆರಳನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ.

"ನಮ್ಮ ಕಾಲದಲ್ಲೂ ಇಷ್ಟು ಚೊಕ್ಕಟ ಇರ್ಲಿಲ್ಲ."

ದೋಣಿ ದೂರವಾದ ಮೇಲೆ ಲೆಂಪಿ ಬಕೆಟ್ ಎತ್ತಿಕೊಂಡು ಏಣಿಯತ್ತ ನಡೆಯುತ್ತಾರೆ.

"ಹಿಕ್ಕೆ ರಾಣಿ ಅಂತ ಬೇಕಾದ್ರೆ ಬರೀರಿ, ಪರವಾಗಿಲ್ಲ," ಅನ್ನುತ್ತಾರೆ. "ಅಪ್ಪ ಹೇಳಿದ್ದನ್ನ ಮಾತ್ರ ಬಿಡಬೇಡಿ."