ಆಂಟಿ ಉಜ್ಜಿದ ಹಿತ್ತಾಳೆ

ಗೌರಿ ಹಬ್ಬಕ್ಕೆ ದೀಪ ಉಜ್ಜೋಣವೆಂದು ಮೊನ್ನೆ ಪಾಲಿಶ್ ಬಾಟಲಿಯ ಮುಚ್ಚಳ ತೆಗೆದೆ. ಅಮೋನಿಯದ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಘಾಟಿಗೆ ಬಂದದ್ದೆಷ್ಟು, ಪಕ್ಕದ ಮನೆಯ ಅಂಕಲ್ ನೆನಪಾಗಿ ಬಂದದ್ದೆಷ್ಟು, ಹೇಳಲಾರೆ...

ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ಟನ್ ಬಡಾವಣೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ತಗಡಿನ ಬೇಲಿ. ಅಂಕಲ್, ಆಂಟಿ ಇಬ್ಬರೂ ಮಂಗಳೂರು ಕಡೆಯ ಕ್ಯಾಥೊಲಿಕರು, ಅರ್ಧ ಆಯಸ್ಸನ್ನು ಕುವೈತ್‌ನಲ್ಲಿ ಕಳೆದು ಪರ್ತ್‌ಗೆ ಬಂದವರು. ಅಂಕಲ್‌ಗೆ ಇದ್ದದ್ದು ಒಂದೇ ಹುಚ್ಚು, ರೈಫಲ್ ಕ್ಲಬ್. ಬೇಟೆಯಲ್ಲ, ದೂರದ ಹಲಗೆಗೆ ಗುರಿಯಿಟ್ಟು ಹೊಡೆಯುವುದು. ಮೈಸೂರಿನ ಪುಳಿಚಾರು ಮನೆಯಿಂದ ಬಂದ ನನಗೆ ಮೊದಮೊದಲು ಆ ಗ್ಯಾರೇಜಿನ ಹತ್ತಿರ ಹೋಗಲೂ ಪುಕುಪುಕು.

ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆ, ಕೇಸು, ಉಳಿಯುತ್ತದಲ್ಲ, ಅದನ್ನೇ ತೊಳೆದು, ಅಳತೆಗೆ ತಂದು, ಹೊಸ ಮದ್ದು ತುಂಬಿ ಮತ್ತೆ ಬಳಸುತ್ತಿದ್ದರು. ಪ್ರತಿ ಸಲ ಹಾರಿಸಿದಾಗಲೂ ಅದು ಒಂದಿಷ್ಟು ಹಿಗ್ಗಿ, ಬುಡದ ಹತ್ತಿರ ಒಳಗೋಡೆ ತೆಳುವಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅಂಕಲ್ ತುದಿ ಬಗ್ಗಿಸಿದ ತಂತಿಯನ್ನು ಒಳಗಿಳಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ಮೇಲಕ್ಕೆಳೆಯುತ್ತಿದ್ದರು. ತಂತಿ ಎಲ್ಲಾದರೂ ಸಣ್ಣ ಹಳ್ಳಕ್ಕೆ ಸಿಕ್ಕಿತೋ, ಆ ಕೇಸು ಇಕ್ಕಳದಲ್ಲಿ ಚಪ್ಪಟೆ. ಬರೀ ಅನುಮಾನ ಬಂದರೂ ಚಪ್ಪಟೆ. ನಮ್ಮಜ್ಜಿಯ ಮಡಿಯೂ ಇಷ್ಟಿರಲಿಲ್ಲ ಅಂಕಲ್ ಎಂದು ನಾನು ರೇಗಿಸುತ್ತಿದ್ದೆ. ನಿಮ್ಮಜ್ಜಿ ತಪ್ಪಿದರೆ ದೇವರು ಕ್ಷಮಿಸುತ್ತಿದ್ದ ಎಂದು ಅವರು ನಗುತ್ತಿದ್ದರು.

ಒಂದು ವರ್ಷ ಅಡಿಲೇಡ್‌ನ ಸ್ಪರ್ಧೆಗೆ ಹೋಗುವ ಕ್ಲಬ್ ತಂಡದಲ್ಲಿ ಅವರಿಗೆ ಜಾಗ ಸಿಕ್ಕಿತು. ವರ್ಷಗಟ್ಟಲೆ ಕಾದದ್ದು. ವಯಸ್ಸು ಬೇರೆ ಆಗಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಪರೀಕ್ಷಿಸಿ ಆರಿಸಿದ ಕೇಸುಗಳನ್ನು ಒಂದು ಡಬ್ಬಿಯಲ್ಲಿ ಪ್ರತ್ಯೇಕವಾಗಿ ತೆಗೆದಿಟ್ಟಿದ್ದರು.

ಹೊರಡುವ ವಾರ ನಾನು ಚಕ್ಕುಲಿ ಕೊಡಲು ಹೋದಾಗ ಆಂಟಿ ಹಿತ್ತಿಲಲ್ಲಿ ಆ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಊರಿನ ಇಗರ್ಜಿಯಲ್ಲಿ ಹಬ್ಬಕ್ಕೆ ಮುಂಚೆ ಮೇಣದಬತ್ತಿಯ ಹಿತ್ತಾಳೆ ಕಂಬಗಳನ್ನು ಉಜ್ಜುವುದು ಅವರ ಮನೆಯ ಹೆಂಗಸರ ಸೇವೆಯಂತೆ. ದೊಡ್ಡ ದಿನ ಬಂತೆಂದರೆ ಹಿತ್ತಾಳೆ ಹೊಳೆಯಲೇಬೇಕು. ಈಗ ಗಂಡನ ದೊಡ್ಡ ದಿನ ಬಂದಿತ್ತಲ್ಲ! ಪಾಲಿಶ್ ಬಾಟಲಿ ಪೂರಾ ಖಾಲಿ ಮಾಡಿ, ಎಲ್ಲವನ್ನೂ ಒಳಹೊರಗೆ ಉಜ್ಜಿ ಸಾಲಾಗಿ ನಿಲ್ಲಿಸಿದ್ದರು. ಒಂದೊಂದೂ ಅಪ್ಪಟ ಚಿನ್ನದ ಹಾಗಿತ್ತು.

ಅಂಕಲ್ ಬಂದರು. ಒಂದನ್ನು ಎತ್ತಿ ಮೂಸಿದರು. ಮುಖ ಒಂದು ಗಳಿಗೆ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಹೆಂಡತಿಯ ಕಪ್ಪಾದ ಬೆರಳುಗಳನ್ನು ನೋಡಿ, ಎಷ್ಟು ಚಂದ ಮಾಡಿದ್ದೀ ಎಂದು ಕೊಂಕಣಿಯಲ್ಲಿ ಹೇಳಿ, ಡಬ್ಬಿ ಎತ್ತಿಕೊಂಡು ಗ್ಯಾರೇಜಿಗೆ ಹೋದರು.

ಹಿಂದೆಯೇ ಹೋದೆ. ಆಗಲೇ ಇಕ್ಕಳ ಕೈಗೆ ಬಂದಿತ್ತು. ಅಮೋನಿಯ ತಾಗಿದ ಹಿತ್ತಾಳೆ ಒಳಗೊಳಗೇ ಬಿರುಕು ಬಿಡಬಹುದು, ಇನ್ನು ಇದನ್ನು ನಂಬುವ ಹಾಗಿಲ್ಲ ಎಂದರು. ಅವರ ಹಳೇ ರೈಫಲ್‌ಗೆ ಹೊಂದುವ ಕೇಸು ಪರ್ತ್‌ನ ಅಂಗಡಿಗಳಲ್ಲಿ ಇರಲಿಲ್ಲ. ತರಿಸಲು ಸಮಯವೂ ಇರಲಿಲ್ಲ. ನನಗೋ ಬಾಯಿ ಸುಮ್ಮನಿರದು. ಚೆನ್ನಾಗಿ ತೊಳೆದು ಇದೊಂದು ಸಲ ಬಳಸಿಬಿಡಿ ಅಂಕಲ್ ಎಂದೆ.

"ಕೇಸು ಒಡೆದ್ರೆ ಬೆಂಕಿ ಹಿಂದಕ್ಕೆ ಬರ್ತದೆ ಮಾರಾಯ್ತಿ," ಎಂದರು. "ನನ್ನ ಕಣ್ಣು ನನ್ನ ಹಠಕ್ಕೆ ಹೋಯ್ತು ಅಂತ ಹೇಳ್ಬಹುದು. ಪಕ್ಕದಲ್ಲಿ ಮಲಗಿ ಹೊಡೆಯುವವನಿಗೆ ಎಂತ ಹೇಳುದು?"

ಹಾಗಾದರೆ ಆಂಟಿಗೆ ನಿಜ ಹೇಳಿ ಎಂದೆ. ಅದೊಂದು ಮಾತ್ರ ಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. ಸೊಂಟ ಹಿಡಿದುಕೊಂಡು ಒಳಗೆ ಹೋಗಿ, ಬೆನ್ನು ನೋವು, ಅಡಿಲೇಡ್ ಆಗದು ಎಂದು ಸೋಫಾದ ಮೇಲೆ ಉರುಳಿದರು. ಪಾಪ, ಆಂಟಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಇಲ್ಲದ ನೋವಿಗೆ ಆ ಬಿಸಿಯನ್ನೂ ತಡೆದುಕೊಂಡರಲ್ಲ, ಪುಣ್ಯಾತ್ಮ! ತಂಡ ಹೊರಟ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಂತಿದ್ದರು, ಬಹಳ ಹೊತ್ತು... ಅವತ್ತು ಅವರ ಮೇಲೆ ಹುಟ್ಟಿದ ಗೌರವ ನನ್ನ ಸ್ವಂತ ಮಾವನ ಮೇಲೂ ಹುಟ್ಟಿಲ್ಲ. ಮಾವ ಇದನ್ನು ಓದುವುದಿಲ್ಲ, ಧೈರ್ಯವಾಗಿ ಬರೆಯುತ್ತೇನೆ.

ಮುಂದೆ ಹೊಸ ಕೇಸು ಬಂದಾಗ ಇನ್ನೊಬ್ಬರಾಗಿದ್ದರೆ ಗ್ಯಾರೇಜಿಗೆ ಬೀಗ ಹಾಕುತ್ತಿದ್ದರು. ಇವರು ಹೆಂಡತಿಗೆ ಪಕ್ಕದಲ್ಲೇ ಒಂದು ಸ್ಟೂಲು ಹಾಕಿದರು. ನಿನ್ನ ಕೈ ನನ್ನದಕ್ಕಿಂತ ಸೂಕ್ಷ್ಮ ಎಂದು ತಂತಿ ಹಿಡಿಯಲು ಕಲಿಸಿದರು. ತೊಳೆಯಲು ಬರೀ ಸೋಪಿನ ನೀರು ಸಾಕು ಎಂದೂ ಹೇಳಿಕೊಟ್ಟರು, ಯಾಕೆಂದು ಹೇಳಲಿಲ್ಲ. ಅಡಿಲೇಡ್ ಮತ್ತೆ ಬರಲಿಲ್ಲ. ಅದರ ಮಾತನ್ನೂ ಅವರು ಎತ್ತಲಿಲ್ಲ.

ಕಳೆದ ಚಳಿಗಾಲ ಅಂಕಲ್ ತೀರಿಕೊಂಡರು. ಆಂಟಿ ಈಗ ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ ಮಗಳ ಜೊತೆ ಇದ್ದಾರೆ. ಮೊನ್ನೆ ಆ ಘಾಟಿನ ಕೈಯಲ್ಲೇ ಅವರಿಗೆ ಫೋನ್ ಮಾಡಿದೆ. ದೀಪ ಉಜ್ಜುತ್ತಿದ್ದೇನೆ ಎಂದೆ, ಅಷ್ಟೇ. ಆಂಟಿ, ಆ ಸಲ ಅವರಿಗೆ ಬೆನ್ನು ನೋವು ಇರಲಿಲ್ಲ, ಅಲ್ವಾ ಎಂದು ಕೇಳಿದರು. ತಾವು ಉಜ್ಜಿದ ಕೇಸುಗಳೆಲ್ಲ ಚಪ್ಪಟೆಯಾಗಿ ಬಿದ್ದದ್ದನ್ನು ಆಂಟಿ ಮರುದಿನವೇ ಕಸದ ಬಿನ್‌ನಲ್ಲಿ ನೋಡಿದ್ದರಂತೆ. ಮತ್ತೆ ಯಾಕೆ ಕೇಳಲಿಲ್ಲ ಆಂಟಿ ಎಂದೆ.

"ಕೇಳಿದ್ರೆ ಅವರಿಗೆ ಸಂಕಟ ಆಗ್ತಿತ್ತು," ಎಂದರು. "ಅವರು ಒಂದೇ ಒಂದು ಸಲ ಬೈದಿದ್ರೆ ಈಗ ನಂಗೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ ಮಾರಾಯ್ತಿ."

ಫೋನ್ ಹಿಡಿದುಕೊಂಡೇ ಇಬ್ಬರೂ ಅತ್ತೆವು.