ಲಿಫ್ಟಕ್ಕನ ಐವತ್ತೆರಡು ಸೆಕೆಂಡು

ನಾನು ಕಾರು ಕಲಿಸುವವಳು. ಹನ್ನೊಂದು ವರ್ಷದಿಂದ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಹೇಳಿಕೊಟ್ಟಿದ್ದೇನೆ. ನನ್ನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಅದನ್ನು ನಂಬಿಕೊಂಡೇ ರಸ್ತೆಗಿಳಿಯುತ್ತಾರೆ. ನಾನು ಅದನ್ನು ಒತ್ತುವುದು ಅಪರೂಪ. ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ ಎನ್ನುವುದರಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಹಾಗಾಗಿ ನನಗೆ ಐದು ತಿಂಗಳು ತುಂಬಿದಾಗ, ಹೆರಿಗೆಯ ಹೊತ್ತಿಗೆ ನನ್ನ ಪಕ್ಕದ ಸೀಟಿನಲ್ಲಿ ಯಾರು ಎನ್ನುವ ಪ್ರಶ್ನೆ ಬೆನ್ನು ಹತ್ತಿತು.

ಗಂಡ ಗಡಿಯಾರ ರಿಪೇರಿ ಮಾಡುವವನು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಇಕ್ಕಳದಲ್ಲಿ ಎತ್ತಿ ಕೂರಿಸುವಾಗ ಅವನ ಕೈ ಅಲುಗುವುದಿಲ್ಲ. ಆದರೆ ಬೆರಳಲ್ಲಿ ಒಂದು ಹನಿ ರಕ್ತ ಕಂಡಿತೋ, ಗೋಡೆ ಹಿಡಿದು ಕೂತುಬಿಡುತ್ತಾನೆ. ಅಮ್ಮನೋ, ನನಗಿಂತ ಮೊದಲು ತಾನೇ ಅಳುತ್ತಾಳೆ, ಆಮೇಲೆ ನಾನೇ ಅವಳಿಗೆ ನೀರು ಕೊಡಬೇಕಾಗುತ್ತದೆ. ಇಬ್ಬರನ್ನೂ ಮನಸ್ಸಿನಲ್ಲೇ ಫೇಲ್ ಮಾಡಿದೆ.

ದಾರಿ ಹುಡುಕಿದ್ದು ಗಂಡನೇ. ಒಂದು ಸಂಜೆ ಫೋನಿನಲ್ಲಿ ಏನೋ ಓದುತ್ತಾ, "ಡೌಲಾ ಅಂತ ಇರ್ತಾರಂತೆ ಕಣೇ," ಅಂದ.

ಅಡುಗೆಮನೆಯಿಂದಲೇ ಅಮ್ಮ ಮೂಗು ಮುರಿದಳು. "ಡೌಲು ಯಾಕಪ್ಪಾ ನಮಗೆ? ಹೆರೋದ್ರಲ್ಲೂ ಡೌಲು ಮಾಡ್ಬೇಕಾ?"

"ಡೌಲಲ್ಲ ಅತ್ತೆ, ನಾನೇ ತಪ್ಪಾಗಿ ಓದಿದೆ. ಡೂಲಾ. ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಬಸುರಿ ಹೆಂಗಸಿಗೆ ಮೊದಲಿಂದ ಧೈರ್ಯ ಹೇಳಿ, ಹೆರಿಗೆ ಆಗೋವರೆಗೂ ಜೊತೆಗಿರೋರು."

"ಜೊತೆಗಿರೋದೂ ಒಂದು ಕೆಲಸವಾ?"

ಇದು ನನಗೆ ನಾಟಿತು. "ಹನ್ನೊಂದು ವರ್ಷದಿಂದ ನಾನು ಮಾಡ್ತಿರೋದು ಅದೇ ಅಮ್ಮ," ಅಂದೆ. ಅಮ್ಮ ಸಾರಿಗೆ ಸೌಟು ಹಾಕಿ ತಿರುಗಿಸಿದಳು.

ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ, ತರಬೇತಿ ಆದ ಒಬ್ಬ ಜೊತೆಗಾತಿಯನ್ನು ಹೆರಿಗೆ ಕೋಣೆಯೊಳಗೆ ಬಿಡುವ ನಿಯಮ ಆಗಷ್ಟೇ ಬಂದಿತ್ತು. ತೂಕ ನೋಡುವ ನರ್ಸನ್ನು ಕೇಳಿದರೆ ಆಕೆ ನಕ್ಕು ಒಂದು ನಂಬರು ಬರೆದುಕೊಟ್ಟಳು. "ನಮ್ಮ ಲಿಫ್ಟಕ್ಕ. ಲೈಬ್ರರಿ ಹಾಲಲ್ಲಿ ಆರು ವಾರದ ಡೂಲಾ ತರಬೇತಿ ಮುಗಿಸಿದ್ದಾರೆ. ಇನ್ನೂ ಯಾರೂ ಕರೆದಿಲ್ಲ."

ಹಾಗೆ ಬಂದವಳು ಲಿಫ್ಟಕ್ಕ. ಐವತ್ತರ ಆಸುಪಾಸು, ಗಿಡ್ಡ ಆಳು, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು. ಸೋಫಾ ತೋರಿಸಿದರೆ ಬೇಡವೆಂದು ಅಡುಗೆಮನೆಯ ಸ್ಟೂಲನ್ನು ತಾನೇ ತಂದುಕೊಂಡು ಬಾಗಿಲ ಪಕ್ಕ ಕೂತಳು. ಹದಿನೆಂಟು ವರ್ಷ ಆ ಆಸ್ಪತ್ರೆಯ ಹಳೇ ಲಿಫ್ಟು ನಡೆಸಿದವಳು. ಹಾಗೆ ಕೂತೇ ಅಭ್ಯಾಸ. ಕಂಬಿ ಬಾಗಿಲ ಲಿಫ್ಟು ತೆಗೆದು ಗುಂಡಿ ಒತ್ತುವ ಹೊಸದನ್ನು ಹಾಕಿದ ಮೇಲೆ ಅವಳ ಸ್ಟೂಲಿಗೂ ಜಾಗವಿರಲಿಲ್ಲ, ಅವಳಿಗೂ ಇರಲಿಲ್ಲ.

ನಾನು ಲೈಸೆನ್ಸ್ ಕೊಡುವ ಅಧಿಕಾರಿಯ ಗತ್ತಿನಲ್ಲಿ ಶುರುಮಾಡಿದೆ. "ಎಷ್ಟು ಹೆರಿಗೆ ನೋಡಿದೀರಿ?"

"ಒಂದೂ ಇಲ್ಲ."

ಅಮ್ಮ ನನ್ನ ಕಡೆ ಕಣ್ಣು ಬಿಟ್ಟಳು.

"ನೋವು ತಿನ್ನೋರ ಜೊತೆ ಇದ್ದ ಅನುಭವ?"

"ದಿನಕ್ಕೆ ಮೂರೋ ನಾಲ್ಕೋ. ಹದಿನೆಂಟು ವರ್ಷ." ತನ್ನ ಅಂಗೈ ನೋಡಿಕೊಂಡಳು. "ಹೆರಿಗೆ ವಾರ್ಡು ನಾಲ್ಕನೇ ಮಹಡಿ. ಕೆಳಗಿಂದ ಮೇಲೆ ಹೋಗೋಕೆ ಐವತ್ತೆರಡು ಸೆಕೆಂಡು. ಗಂಡಂದಿರನ್ನ ಮೆಟ್ಟಿಲಲ್ಲಿ ಕಳಿಸೋರು. ಒಳಗೆ ನಾನು, ಗಾಲಿಮಂಚ, ಅದರ ಮೇಲೆ ನೋವು ತಿನ್ನೋಳು. ಕೈ ಕೊಟ್ರೆ ಹಿಡ್ಕೊಳ್ಳೋಳು ನಾನೊಬ್ಳೇ. ಮೇಲೆ ಬಾಗಿಲು ತೆಗೀತಿದ್ದ ಹಾಗೆ ನರ್ಸ್ ಎಳ್ಕೊಂಡು ಹೋಗೋರು. ಹೊಸ್ತಿಲಾಚೆ ನನಗೆ ಕೆಲಸ ಇಲ್ಲ. ಮನೆಗೆ ಹೋಗೋರು ಕಟ್ಟಡದ ಹಿಂದಿನ ಇಳಿಜಾರಲ್ಲಿ ಹೋಗ್ತಿದ್ರು. ಹಂಗಾಗಿ ಹತ್ತಿಸಿದ ಒಬ್ಬಳನ್ನೂ ನಾನು ಇಳಿಸಿಲ್ಲ."

"ನಿಮಗೆ ಮಕ್ಕಳು?" ಅಮ್ಮ ಕೇಳಿದಳು.

"ಒಬ್ಬಳು ಮಗಳು. ಆಪರೇಷನ್ ಮಾಡಿ ತೆಗೆದ್ರು, ನನಗೆ ಎಚ್ಚರ ಇರಲಿಲ್ಲ. ಅವಳ ಮೊದಲನೇ ಅಳೂ ನಾನು ಕೇಳಿಲ್ಲಮ್ಮ." ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಅಂದಳು, "ಲಿಫ್ಟಲ್ಲಿ ಎಲ್ಲರೂ ಕೇಳ್ತಿದ್ದದ್ದು ಒಂದೇ. ಮೇಲೆ ಏನಾಗತ್ತಕ್ಕ? ನನಗೇನು ಗೊತ್ತು? ಉತ್ತರ ಇಲ್ಲದೆ ಮಹಡಿ ಎಣಿಸ್ತಿದ್ದೆ. ಒಂದು ಆಯ್ತು, ಎರಡು ಆಯ್ತು ಅಂತ. ಒಂದು ಸಲ ಆದ್ರೂ ಆ ಬಾಗಿಲು ದಾಟಬೇಕು ನಾನು. ಅದಕ್ಕೇ ತರಬೇತಿಗೆ ಸೇರಿದ್ದು."

ಆಮೇಲೆ ಅವಳೇ ನನಗೊಂದು ಪ್ರಶ್ನೆ ಹಾಕಿದಳು. "ನಿಮಗೆ ಭಯ ಆದ್ರೆ ಅಳ್ತೀರೋ, ಬಯ್ತೀರೋ, ಸುಮ್ಮನಾಗ್ತೀರೋ?"

"ಬಯ್ತಾಳೆ," ಅಂದರು ಗಂಡ, ಅಮ್ಮ ಒಟ್ಟಿಗೆ.

"ಒಳ್ಳೇದಾಯ್ತು. ಸುಮ್ಮನಾಗೋರ ಹತ್ರ ನನಗೆ ಕಷ್ಟ."

ಅಷ್ಟಕ್ಕೇ ನಾನು ಅವಳನ್ನು ಪಾಸು ಮಾಡಿದೆ. ಆಸ್ಪತ್ರೆಯ ಫಾರಮ್ಮಿನಲ್ಲಿ 'ಜೊತೆಗಾತಿ' ಎನ್ನುವ ಜಾಗದಲ್ಲಿ ಅವಳ ಹೆಸರು ಬರೆದೆವು. ಅದನ್ನು ಅವಳು ಎರಡು ಸಲ ಓದಿಕೊಂಡಳು.

ಅಲ್ಲಿಂದ ಪ್ರತಿ ಮಂಗಳವಾರ ಮನೆಗೆ ಬಂದಳು. ಹೇಗೆ ಮಲಗಬೇಕು, ಕಾಲು ಊದಿದರೆ ಏನು ಮಾಡಬೇಕು, ಯಾವ ನೋವು ನಿಜ, ಯಾವುದು ಸುಳ್ಳು, ಡಾಕ್ಟರ ಹತ್ತಿರ ಏನೇನು ಕೇಳಬೇಕು ಎಲ್ಲವನ್ನೂ ತರಬೇತಿಯ ನೋಟುಬುಕ್ಕು ತೆಗೆದು ಹೇಳುತ್ತಿದ್ದಳು. ಕೊನೆಗೆ, ನೋವು ತಡೆಯುವ ಅಭ್ಯಾಸಕ್ಕೆ ಐಸಿನ ಪಾಠ. ಐಸ್ ತುಂಡೊಂದನ್ನು ನನ್ನ ಮುಷ್ಟಿಯಲ್ಲಿಟ್ಟು, "ಹೊರಟ್ವಿ," ಅನ್ನುವಳು. "ಒಂದು… ಎರಡು… ಈಗೊಂದು ಎಳೆತ ಬರತ್ತೆ, ಎರಡು ಮೂರರ ನಡುವೆ ಲಿಫ್ಟಿಗೆ ಯಾವಾಗಲೂ ಬರತ್ತೆ, ಉಸಿರು ಹಿಡೀಬೇಡಿ, ಬಿಡಿ… ಮೂರು… ನಾಲ್ಕು. ಬಾಗಿಲು ತೆಗೀತು." ಹೆರಿಗೆ ನೋವೊಂದು ಬಂದು ಹೋಗುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತಂತೆ. ತರಬೇತಿಯಲ್ಲಿ ಅದನ್ನು ಕೇಳಿದ ದಿನ ಇವಳಿಗೆ ಕೂತಲ್ಲೇ ಮೈ ಜುಮ್ಮೆಂದಿತಂತೆ. ಆ ಕೆಲಸ ತನಗಾಗಲೇ ಬರುತ್ತಿತ್ತಲ್ಲ!

ಗಂಡ ಗಡಿಯಾರ ಹಿಡಿದು ಪರೀಕ್ಷೆ ಮಾಡಿದ. ಐದು ಸಲ ಎಣಿಸಿದರೆ ಐದು ಸಲವೂ ಐವತ್ತೆರಡು ಸೆಕೆಂಡು. ಅವತ್ತಿನಿಂದ ಅವನು ಅವಳ ಭಕ್ತ. ತಾನೂ ಐಸ್ ಹಿಡಿದು ಎರಡನೇ ಮಹಡಿಗೇ ಕೈಬಿಟ್ಟ. ಅಮ್ಮ ನಾಲ್ಕನೆಯದರವರೆಗೂ ಹಿಡಿದು, "ಇಷ್ಟೇನಾ? ಇನ್ನೊಂದು ಕೊಡಿ," ಅಂದಳು. ಲಿಫ್ಟಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡೌಲಿನ ಮಾತು ಮತ್ತೆ ಮನೆಯಲ್ಲಿ ಏಳಲಿಲ್ಲ.

ಒಂಬತ್ತು ತುಂಬುತ್ತಿದ್ದ ಹಾಗೆ ಎಲ್ಲರೂ ರಜೆ ಹಾಕು ಎಂದರು. ನನಗೆ ಒಬ್ಬ ಶಿಷ್ಯನ ಪಾಠ ಮಾತ್ರ ಬಾಕಿ ಇತ್ತು: ಸೆಕೆಂಡ್ ಗೇರ್ ಮೇಷ್ಟ್ರು. ನಿವೃತ್ತ ರೇಖಾಗಣಿತದ ಮೇಷ್ಟ್ರು, ಮೂರು ತಿಂಗಳಿಂದ ಎರಡನೇ ಗೇರು ದಾಟಿದವರಲ್ಲ. "ಮೂರಕ್ಕೆ ಹೋದ್ರೆ ಕಾರು ನನ್ನ ಮಾತು ಕೇಳಲ್ಲಮ್ಮ," ಎನ್ನುವವರು. ಪಟ್ಟು ಹಿಡಿದು ಬೆಳಿಗ್ಗೆ ಹತ್ತಕ್ಕೆ ಅವರನ್ನು ಹೊರಡಿಸಿದೆ. ಅರ್ಧ ಗಂಟೆಯಲ್ಲಿ, ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಸೀಟು ಒದ್ದೆಯಾಯಿತು. ಹಿಂದೆಯೇ ಸೊಂಟದಿಂದ ನೋವು ಎದ್ದಿತು.

ಫೋನನ್ನು ಸ್ಪೀಕರಿಗೆ ಹಾಕಿ ಲಿಫ್ಟಕ್ಕನಿಗೆ ಮಾಡಿದೆ. "ನೀರು ಹೋಯ್ತು. ನೋವೂ ಬಂತು."

"ಮನೆಯಲ್ಲಿದೀರಾ?"

"ಕಾರಲ್ಲಿ. ಮೇಷ್ಟ್ರು ಓಡಿಸ್ತಿದಾರೆ."

ಆ ಕಡೆ ಬಾಗಿಲಿಗೆ ಚಿಲಕ ಹಾಕುವ ಸದ್ದು ಕೇಳಿತು. ಆಮೇಲೆ ಅವಳ ಸ್ಥಿಮಿತದ ದನಿ. "ಸರಿ. ಆಸ್ಪತ್ರೆಗೆ ಬನ್ನಿ, ನಾನೂ ಹೊರಟೆ. ಹೊರಟ್ವಿ. ಒಂದು…"

ಸಿಗ್ನಲ್ ಬಿಟ್ಟಿತು. ಮೇಷ್ಟ್ರು ಒಂದನೇ ಗೇರು ಹಾಕಿದರು.

"ಎರಡು…"

ಎರಡನೇ ಗೇರು ಬಿತ್ತು. ನಾನು ಕಣ್ಣು ಮುಚ್ಚಿ ಡ್ಯಾಶ್‌ಬೋರ್ಡ್ ಹಿಡಿದಿದ್ದೆ.

"ಈಗೊಂದು ಎಳೆತ ಬರತ್ತೆ, ಹೆದರಬೇಡಿ, ಹೋಗಿ… ಮೂರು…"

ಗೇರಿನ ಕೋಲು ಕಟಕ್ಕೆಂದಿತು. ಕಣ್ಣು ಬಿಟ್ಟೆ. ಮೇಷ್ಟ್ರ ಹಣೆಯಲ್ಲಿ ಬೆವರು, ಮುಖದಲ್ಲಿ ಪರೀಕ್ಷೆಗೆ ಕೂತ ಗಂಭೀರತೆ. ಜೀವನದಲ್ಲಿ ಮೊದಲ ಸಲ ಅವರು ಮೂರನೇ ಗೇರಿನಲ್ಲಿದ್ದರು.

"ನಾಲ್ಕು!"

ನಾಲ್ಕನೆಯದೂ ಬಿತ್ತು. ಕಾರು ಹಗುರಾಗಿ ಮುಂದಕ್ಕೆ ಹಾರಿತು.

"ಬಾಗಿಲು ತೆಗೀತು."

"ಅದೊಂದನ್ನ ಈಗ ಮಾಡಲ್ಲಮ್ಮ," ಅಂದರು ಮೇಷ್ಟ್ರು, ಫೋನಿನ ಕಡೆ ತಿರುಗದೆ. ನೋವು ಇಳಿಯುತ್ತಿದ್ದ ಆ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ದಾರಿಯಲ್ಲಿ ಮತ್ತೆರಡು ನೋವು ಬಂದವು, ಎರಡು ಸಲವೂ ಮೇಷ್ಟ್ರು ನಾಲ್ಕನೇ ಗೇರು ಮುಟ್ಟಿದರು. ನನ್ನ ಕಾಲ ಬಳಿಯ ಬ್ರೇಕನ್ನು ಒಂದು ಸಲವೂ ಒತ್ತಲಿಲ್ಲ.

ಆಸ್ಪತ್ರೆಯಲ್ಲಿ ಗಂಡ, ಅಮ್ಮ, ಲಿಫ್ಟಕ್ಕ ಮೂವರೂ ಬಂದಿದ್ದರು. ಲಿಫ್ಟಕ್ಕ ಹೊಸ ಲಿಫ್ಟಿನ ಎಡಕ್ಕೆ, ಹಿಂದೆ ತನ್ನ ಸ್ಟೂಲಿದ್ದ ಜಾಗದಲ್ಲೇ ನಿಂತಿದ್ದಳು. ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಳ್ಳಿದಳು. ಗಂಡ, ಅಮ್ಮ ಮೆಟ್ಟಿಲ ಕಡೆ ಓಡಿದರು. ಬಾಗಿಲು ಮುಚ್ಚುತ್ತಿದ್ದ ಹಾಗೆ ಮತ್ತೊಂದು ನೋವು, ಇದುವರೆಗಿನ ಎಲ್ಲಕ್ಕಿಂತ ಜೋರು.

"ಹೊರಟ್ವಿ," ಅಂದಳು. "ಒಂದು… ಎರಡು…"

ಟಿಂಗ್ ಎಂದಿತು. ಹೊಸ ಲಿಫ್ಟಿಗೆ ನಾಲ್ಕು ಮಹಡಿ ಹತ್ತಲು ಮೂವತ್ತು ಸೆಕೆಂಡು ಸಾಕು. ರೆಕಾರ್ಡ್ ಆದ ಹೆಣ್ಣು ದನಿ 'ನಾಲ್ಕನೇ ಮಹಡಿ' ಅಂದಿತು, ಬಾಗಿಲು ತೆರೆಯಿತು. ನನ್ನ ನೋವು ಇನ್ನೂ ಎರಡು ಮೂರರ ನಡುವೆಯೇ ಇತ್ತು.

ಲಿಫ್ಟಕ್ಕ ನಿಂತುಬಿಟ್ಟಳು. ಅವಳ ಚಪ್ಪಲಿಯ ತುದಿ ಹೊಸ್ತಿಲ ಲೋಹದ ಪಟ್ಟಿಗೆ ಸರಿಯಾಗಿ ನಿಂತಿತ್ತು, ಗೆರೆ ಎಳೆದು ನಿಲ್ಲಿಸಿದಂತೆ. ಒಂದು ಕೈ ತಾನಾಗಿ ಬಾಗಿಲು ಹಿಡಿದಿತ್ತು. ವಾರ್ಡಿನ ಹಿರಿಯ ಸಿಸ್ಟರ್ ಹೊರಗೆ ಬಂದು, ಹದಿನೆಂಟು ವರ್ಷದ ಅಭ್ಯಾಸದಲ್ಲಿ, "ಬಿಡಕ್ಕ, ನಾವು ಕರ್ಕೊಂಡು ಹೋಗ್ತೀವಿ," ಎಂದು ಕುರ್ಚಿಗೆ ಕೈ ಹಾಕಿದರು. ಲಿಫ್ಟಕ್ಕನ ಎಣಿಕೆ ನಿಂತುಹೋಯಿತು. ಅವಳ ಕೈ ನನ್ನ ಕೈಯಿಂದ ಜಾರುತ್ತಿತ್ತು.

ಭಯವಾದರೆ ನಾನು ಬಯ್ಯುತ್ತೇನೆ ಎಂದು ಆಗಲೇ ಹೇಳಿದೆನಲ್ಲ. ಕ್ಲಚ್ಚು ಬಿಡಲು ಹೆದರುವವರಿಗೆ ಇಟ್ಟುಕೊಂಡಿರುವ ದನಿಯನ್ನೆಲ್ಲ ಒಟ್ಟು ಮಾಡಿ ಕೂಗಿದೆ: "ಬ್ರೇಕ್ ಯಾಕೆ ಹಾಕಿದ್ರಿ? ನಾನಿನ್ನೂ ಎರಡು ಮೂರರ ನಡುವೆ ಸಿಕ್ಕಿಹಾಕ್ಕೊಂಡಿದೀನಿ. ಎಣಿಸಿ. ಬನ್ನಿ!"

ವಾರ್ಡು ಪೂರ್ತಿ ನಮ್ಮ ಕಡೆ ತಿರುಗಿತು. ಲಿಫ್ಟಕ್ಕ ನನ್ನ ಮುಖ ನೋಡಿದಳು. ಪಟ್ಟಿ ದಾಟಿ ಕಾಲಿಟ್ಟಳು.

"ಮೂರು," ಅಂದಳು, ಒಳಗೆ ನಿಂತು.

"ಜೊತೆಗಾತಿ ಇವರೇನಾ?" ಸಿಸ್ಟರ್ ಫಾರಮ್ಮು ನೋಡಿ, ಅವಳನ್ನು ನೋಡಿ, ದಾರಿ ಬಿಟ್ಟರು. "ಬಾ ಅಕ್ಕ. ಇಷ್ಟು ವರ್ಷಕ್ಕೆ ಒಳಗೆ ಬಂದೆ."

ಮಧ್ಯಾಹ್ನವೆಲ್ಲ ನಾವು ಹತ್ತಿದೆವು. ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಹೋಯಿತು. ಅವಳು ನನ್ನ ಸೊಂಟ ಒತ್ತಿದಳು, ನಡೆಸಿದಳು, ತುಟಿಗೆ ನೀರು ಹಚ್ಚಿದಳು, ಬಾಯಿಗೆ ಬಂದಂತೆ ಬೈಸಿಕೊಂಡಳು. ಒಳಗೆ ಕಾಲಿಟ್ಟಾಗಿನಿಂದ ಅವಳ ಬಾಯಲ್ಲಿ ನಾನು 'ನೀವು' ಹೋಗಿ 'ನೀನು' ಆಗಿದ್ದೆ. ಹೊರಗಿನ ಬೆಂಚಿನಲ್ಲಿ ಗಂಡ ಕೈಗಡಿಯಾರ ನೋಡುತ್ತಾ ಕೂತಿದ್ದನಂತೆ, ಅವಳ ದನಿ ಕೇಳಿದಾಗಲೆಲ್ಲ ತಾನೂ ಮಹಡಿ ಎಣಿಸುತ್ತಾ.

ನಾಲ್ಕು ಗಂಟೆಯ ಹೊತ್ತಿಗೆ ನನ್ನ ಕೈಲಾಗಲಿಲ್ಲ. "ಇನ್ನೆಷ್ಟಿದೆ ಅಕ್ಕಾ? ನಿಜ ಹೇಳಿ."

"ನಿಜ ಹೇಳ್ಬೇಕಂದ್ರೆ ನನಗೂ ಗೊತ್ತಿಲ್ಲ ಕಣೇ," ಅಂದಳು. "ಇಲ್ಲಿಂದಾಚೆ ನಾನೂ ಬಂದಿಲ್ಲ. ಇಬ್ಬರೂ ಸೇರಿ ನೋಡೋಣ." ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಸುಳ್ಳು ಸಮಾಧಾನ ಹೇಳಿದ್ದರೆ ನಾನು ಕುಸಿಯುತ್ತಿದ್ದೆ. ಈ ಮಾತಿಗೆ ಎಲ್ಲಿಂದಲೋ ಒಂದು ಹುಮ್ಮಸ್ಸು ಬಂತು.

ಡಾಕ್ಟರು, "ಬಂತು, ತಳ್ಳಿ," ಅಂದರು. "ಹೊರಟ್ವಿ," ಅಂದಳು ಲಿಫ್ಟಕ್ಕ. ಒಂದು. ಎರಡು. ಆ ಎಳೆತ. ಮೂರು…

ನಾಲ್ಕು ಬರಲೇ ಇಲ್ಲ. ಅದರ ಜಾಗದಲ್ಲಿ ಒಂದು ಅಳು ಬಂತು, ಸಣ್ಣದು, ಸಿಟ್ಟಿನದು, ನನ್ನದೇ ದನಿಯಂಥದ್ದು. ತಲೆಯೆತ್ತಿ ನೋಡಿದೆ. ಲಿಫ್ಟಕ್ಕ ಬಾಯಿ ತೆರೆದು ನಿಂತಿದ್ದಳು, ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅವಳಿಗೆ ತೋಚಿರಲಿಲ್ಲ. "ಹೆಣ್ಣು ಮಗು," ಅಂದರು ಸಿಸ್ಟರ್. ನನಗೆ ಆಗಿದ್ದು ಸಂತೋಷ, ಬೇರೇನೂ ಅಲ್ಲ. ಇಡೀ ಕೋಣೆ ಎತ್ತಿ ಕುಣಿಸುವಷ್ಟು ಸಂತೋಷ.

ಮೂರನೇ ದಿನ ಮನೆಗೆ ಹೊರಟೆವು. ಹಿಂದಿನ ಇಳಿಜಾರನ್ನು ಮುಚ್ಚಿದ್ದರು, ಈಗ ಇಳಿಯುವುದೂ ಲಿಫ್ಟಿನಲ್ಲೇ. ಮಗು ಲಿಫ್ಟಕ್ಕನ ಕೈಯಲ್ಲಿತ್ತು. ಗಂಡ ಚೀಲಗಳನ್ನು ಹಿಡಿದಿದ್ದ, ಅಮ್ಮ ಅವನ ಕೈಯಿಂದ ಒಂದೊಂದಾಗಿ ಕಸಿದುಕೊಳ್ಳುತ್ತಿದ್ದಳು. ಮೇಷ್ಟ್ರು ಕಾರು ತಂದು ಹೊರಗೆ ಕಾಯುತ್ತಿದ್ದಾರೆಂದು ಫೋನು ಬಂದಿತ್ತು. ಲಿಫ್ಟಕ್ಕ ಎಣಿಸಲಿಲ್ಲ, ಮಗುವಿನ ಮುಖ ನೋಡುತ್ತಿದ್ದಳು.

ಕೆಳಗೆ ಬಾಗಿಲು ತೆರೆದರೆ ಎದುರಿಗೇ ಒಂದು ಗಾಲಿಕುರ್ಚಿ. ಅದರಲ್ಲಿ ಚಿಕ್ಕ ವಯಸ್ಸಿನ ಒಬ್ಬ ಹೆಂಗಸು, ಹಿಡಿಗಳನ್ನು ಬಿಗಿಹಿಡಿದು ಕೂತಿದ್ದಳು. ಎದುರಿಗೆ ನಿಂತವಳು ಯಾರೆಂದು ಅವಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ಕೇಳಿದಳು:

"ಮೇಲೆ ಏನಾಗತ್ತಕ್ಕ?"

ಲಿಫ್ಟಕ್ಕ ಬಾಗಿದಳು. ಬಟ್ಟೆಯ ಅಂಚು ಸರಿಸಿ ನನ್ನ ಮಗಳ ಮುಖವನ್ನು ಅವಳ ಕಡೆ ತಿರುಗಿಸಿದಳು.

"ಇದಾಗತ್ತೆ," ಅಂದಳು.